ನಳಿಕೆಯ ನೀರು, ಬಾಣಂತಿಯ ತಲೆಯ ಸಿರೆ

ರಾಜ್ಯೋತ್ಸವದ ಸ್ಮರಣ ಸಂಚಿಕೆಗೆ ಇತಿಹಾಸದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಘದ ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಾನು ಮೊದಲು ಹಿಂಜರಿದೆ. ಪುಲಕೇಶಿಯ ಪರಾಕ್ರಮವನ್ನೂ ಹಂಪೆಯ ವೈಭವವನ್ನೂ ಬರೆಯಬಲ್ಲ ಹಿರಿಯರು ಡೊಂಬಿವಲಿ, ಕಲ್ಯಾಣಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾನೋ ಬಿ.ಕಾಂ. ಓದಿ ಬ್ಯಾಂಕಿನ ಕೌಂಟರಿನಲ್ಲಿ ಜಮಾ ಖರ್ಚು ನೋಡುವ ಗುಮಾಸ್ತ. ಆದರೂ ಜಮೆಯಾದದ್ದು ಯಾರ ಖಾತೆಗೆ ಹೋಯಿತೆಂದು ಹುಡುಕುವ ಚಾಳಿ ನಮ್ಮ ಕಸುಬಿನವರಿಗೆ ಇದ್ದೇ ಇರುತ್ತದೆ. ಹಾಗೆ ಹುಡುಕುತ್ತ ಹೋದಾಗ ಸಿಕ್ಕ ಒಂದು ಸಣ್ಣ ಇತಿಹಾಸವನ್ನು ಇಲ್ಲಿ ನಿವೇದಿಸುತ್ತೇನೆ. ಇದರಲ್ಲಿ ಯುದ್ಧವಿಲ್ಲ, ಪಟ್ಟಾಭಿಷೇಕವಿಲ್ಲ. ಬೆಂಗಳೂರಿನಲ್ಲಿ ನಳಿಕೆಯೊಂದರಲ್ಲಿ ಹರಿದ ನೀರಿದೆ, ನಮ್ಮ ಹೆಣ್ಣುಮಕ್ಕಳ ತಲೆಯೊಳಗಿನ ರಕ್ತವಿದೆ. ನಾನು ವೈದ್ಯನಲ್ಲ. ಓದಿ, ಕೇಳಿ ತಿಳಿದದ್ದನ್ನು ಹೇಳುವವನೆಂದು ವಾಚಕರು ಮೊದಲೇ ಎಣಿಸಿಕೊಳ್ಳಬೇಕು.

ನಮ್ಮ ಮನೆತನ ಗದಗಿನ ಕಡೆಯದು. ನನ್ನ ಅಜ್ಜಿಗೆ ಒಬ್ಬ ತಂಗಿಯಿದ್ದಳು. ಚೊಚ್ಚಲು ಹೆರಿಗೆಯಾದ ಒಂಬತ್ತನೆಯ ದಿನ ತಲೆ ಸಿಡಿಯುತ್ತದೆ ಎಂದು ಗೋಡೆಗೆ ಹಣೆ ಒತ್ತಿ ಕುಳಿತಳಂತೆ. ಮರುದಿನ ಕೈಕಾಲು ಸೆಟೆದು ಕಣ್ಣು ಮೇಲಾದುವು. ಮೂರನೆಯ ದಿನಕ್ಕೆ ಕೂಸು ತಬ್ಬಲಿಯಾಯಿತು. ಮನೆಯವರು ಇದನ್ನು "ಬಾಣಂತಿ ಸನ್ನಿ" ಎಂದರು. ಆ ಕಾಲದಲ್ಲಿ ಬಾಣಂತಿಗೆ ಜ್ವರ ನೆತ್ತಿಗೇರಿದರೂ ಸನ್ನಿ, ಸೆಳವು ಬಂದರೂ ಸನ್ನಿ, ಬಡಬಡಿಸಿದರೂ ಸನ್ನಿ. ಒಂದೇ ಹೆಸರಿನ ಖಾತೆಯಲ್ಲಿ ನಾಲ್ಕು ಬೇರೆ ಬೇರೆ ಸಾಲಗಳನ್ನು ಬರೆದಿಟ್ಟ ಹಾಗೆ. ಯಾವುದನ್ನು ಹೇಗೆ ತೀರಿಸಬೇಕೆಂದು ತಿಳಿಯುವುದಾದರೂ ಹೇಗೆ?

ಹೆರಿಗೆಯ ಹಿಂದೆ ಮುಂದೆ ತಲೆನೋವು ಮತ್ತು ಸೆಳವು ಬರುವುದಕ್ಕೆ ಎರಡು ದೊಡ್ಡ ಕಾರಣಗಳುಂಟು. ಒಂದು ರಕ್ತದ ಒತ್ತಡ ಏರುವುದು. ಇನ್ನೊಂದು ಮಿದುಳಿನ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟುವುದು. ಹೃದಯದಿಂದ ರಕ್ತವನ್ನು ಒಯ್ಯುವುದು ಧಮನಿ, ಹೃದಯಕ್ಕೆ ಮರಳಿ ತರುವುದು ಸಿರೆ. ನಮ್ಮ ಚಾಳುಗಳ ಭಾಷೆಯಲ್ಲಿ ಹೇಳುವುದಾದರೆ ಧಮನಿ ನಳದ ನೀರು, ಸಿರೆ ಬಚ್ಚಲ ಮೋರಿ. 2005ರ ಜುಲೈ 26ರಂದು ಕಲ್ಯಾಣ, ಡೊಂಬಿವಲಿಗಳಲ್ಲಿ ಇದ್ದವರಿಗೆ ಹೊರಹೋಗುವ ದಾರಿ ಕಟ್ಟಿದರೆ ನೀರು ಏನು ಮಾಡುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ತಲೆಯೊಳಗೆ ಈ ಪ್ರಮಾದ ಇನ್ನೂ ಹೆಚ್ಚು. ಮಿದುಳು ದೇಹದ ತೂಕದಲ್ಲಿ ನೂರಕ್ಕೆ 2 ಪಾಲು ಮಾತ್ರ. ಆದರೆ ಹೃದಯ ಹೊರದೂಡುವ ರಕ್ತದಲ್ಲಿ ನೂರಕ್ಕೆ ಸುಮಾರು 15 ಪಾಲು ಅದಕ್ಕೇ ಬೇಕು. ಬಂದ ರಕ್ತವೆಲ್ಲ ಸಿರೆಗಳ ಮೂಲಕ ಕೊರಳಿಗೆ ಇಳಿಯಬೇಕು. ಸುತ್ತಲೂ ಎಲುಬಿನ ಕರಟ. ಅದು ಹಿಗ್ಗುವುದಿಲ್ಲ. ಒಳಗಿರುವ ವಸ್ತುವಿನ ಒಟ್ಟು ಗಾತ್ರ ಹೆಚ್ಚಲು ಎಡೆಯಿಲ್ಲವೆಂಬುದನ್ನು ಎಡಿನ್‌ಬರೊದ ಅಲೆಕ್ಸಾಂಡರ್ ಮನ್ರೋ 1783ರಲ್ಲಿಯೂ ಅವನ ಶಿಷ್ಯ ಜಾರ್ಜ್ ಕೆಲಿ 1824ರಲ್ಲಿಯೂ ತಿಳಿಸಿದರು. ಸಿರೆ ಕಟ್ಟಿದರೆ ರಕ್ತ ಹಿಂದಕ್ಕೆ ಒತ್ತುತ್ತದೆ, ಮಿದುಳು ಬಾತುಕೊಳ್ಳುತ್ತದೆ, ಕೊನೆಗೆ ಸಣ್ಣ ನಾಳಗಳು ಒಡೆದು ರಕ್ತ ಸೋರುತ್ತದೆ. 1828ರಲ್ಲಿ ಅದೇ ಊರಿನ ಜಾನ್ ಅಬರ್‌ಕ್ರಾಂಬಿ ಎಂಬ ವೈದ್ಯನು ಸುಖವಾಗಿ ಹೆತ್ತ ತರುಣಿಯೊಬ್ಬಳು ತಲೆನೋವು, ಸೆಳವುಗಳಿಂದ ತೀರಿಕೊಂಡದ್ದನ್ನು ಬರೆದಿಟ್ಟನು. ಶವವನ್ನು ಪರೀಕ್ಷಿಸಿದಾಗ ಮಿದುಳಿನ ಸಿರೆಯಲ್ಲಿ ರಕ್ತ ಗಟ್ಟಿಯಾಗಿತ್ತು. ಓದುವಾಗ ನನಗೆ ಗದಗಿನ ಆ ಕತ್ತಲೆ ಕೋಣೆಯೇ ಕಣ್ಣಿಗೆ ಕಟ್ಟಿತು. ಆದರೆ ಸತ್ತ ಮೇಲೆ ತಿಳಿದು ಪ್ರಯೋಜನವೇನು?

ಒತ್ತಡವನ್ನು ಅಳೆಯುವ ವಿದ್ಯೆ ಬೇಗ ಬಂತು. ಸ್ಟೀಫನ್ ಹೇಲ್ಸ್ ಎಂಬ ಇಂಗ್ಲಿಷ್ ಪಾದ್ರಿಯು ಹೆಣ್ಣುಗುದುರೆಯ ಧಮನಿಗೆ ಗಾಜಿನ ಕೊಳವೆ ಸಿಕ್ಕಿಸಿ ರಕ್ತ 8 ಅಡಿ 3 ಅಂಗುಲ ಮೇಲೇರಿದ್ದನ್ನು ನೋಡಿ 1733ರಲ್ಲಿ ಪುಸ್ತಕ ಬರೆದನು. ಮನುಷ್ಯರ ಮೇಲೆ ಆ ಪ್ರಯೋಗ ನಡೆಯದಷ್ಟೆ! 1896ರಲ್ಲಿ ಇಟಲಿಯ ರಿವಾ ರೊಚ್ಚಿ ತೋಳಿಗೆ ಗಾಳಿಯ ಪಟ್ಟಿ ಕಟ್ಟುವ ಉಪಾಯ ಕಂಡುಹಿಡಿದನು. 1905ರಲ್ಲಿ ರಷ್ಯದ ಕೊರೊಟ್ಕಾಫ್ ಪಟ್ಟಿಯ ಕೆಳಗೆ ಕಿವಿಗೊಳವೆ ಇಟ್ಟು ನಾಡಿಯ ಸಪ್ಪಳ ಆಲಿಸುವುದನ್ನು ಕಲಿಸಿದನು. ಇಂದು ನಮ್ಮ ಠಾಕುರ್ಲಿಯ ಔಷಧದಂಗಡಿಯಲ್ಲಿಯೂ ಒತ್ತಡ ನೋಡುತ್ತಾರೆ. ಆದರೆ ತೋಳಿನ ಪಟ್ಟಿ ಹೇಳುವುದು ಧಮನಿಯ ಸಮಾಚಾರ. ಮೋರಿಯ ಸಮಾಚಾರ ಅದಕ್ಕೆ ತಿಳಿಯದು. 1927ರಲ್ಲಿ ಲಿಸ್ಬನ್ನಿನ ಎಗಾಸ್ ಮೊನಿಜ್ ಕೊರಳ ಧಮನಿಗೆ ಬಣ್ಣದ ದ್ರವ ಚುಚ್ಚಿ ಎಕ್ಸ್‌ರೇ ತೆಗೆದು ಮಿದುಳಿನ ನಾಳಗಳನ್ನು ತೋರಿಸಿದನು. ದೊಡ್ಡ ಸಾಧನೆಯೇ ಸರಿ. ಆದರೂ ಸೆಳವು ಬಂದು ಮಲಗಿರುವ ಬಾಣಂತಿಯ ಕೊರಳಿಗೆ ಸೂಜಿ ಹಾಕುವುದು ಎಷ್ಟು ಊರುಗಳಲ್ಲಿ ಸಾಧ್ಯವಿತ್ತು?

ಇನ್ನು ಬೆಂಗಳೂರಿಗೆ ಬರೋಣ.

ಅಲ್ಲಿಯ ಭಾರತೀಯ ವಿಜ್ಞಾನ ಮಂದಿರವನ್ನು ಜನ ಈಗಲೂ "ಟಾಟಾ ಇನ್‌ಸ್ಟಿಟ್ಯೂಟ್" ಎನ್ನುತ್ತಾರೆ. ಮುಂಬಯಿಯಲ್ಲಿ ಅನ್ನ ತಿನ್ನುವ ನಮಗೆ ಅದರ ಹುಟ್ಟು ತಿಳಿದಿರಬೇಕು. ಜಮ್‌ಶೆಟ್‌ಜಿ ಟಾಟಾ ಅವರು ಅದಕ್ಕಾಗಿ ಮೀಸಲಿಟ್ಟದ್ದು ಮುಂಬಯಿಯ ಕಟ್ಟಡಗಳನ್ನೂ ಜಮೀನುಗಳನ್ನೂ. ಮೈಸೂರು ಸಂಸ್ಥಾನ 371 ಎಕರೆ ನೆಲ ಕೊಟ್ಟಿತು. ಮುಂಬಯಿಯ ಬಾಡಿಗೆ, ಮೈಸೂರಿನ ಭೂಮಿ. ಈ ಎರಡೂ ಕೂಡಿ 1909ರಲ್ಲಿ ಸಂಸ್ಥೆ ಸ್ಥಾಪನೆಯಾಯಿತು. ನಮ್ಮಂಥವರ ಬಾಳೂ ಈ ಎರಡು ಊರುಗಳ ನಡುವಿನ ಲೆಕ್ಕವೇ ಅಲ್ಲವೆ?

1946ರಲ್ಲಿ ಅಮೆರಿಕೆಯ ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್ ಬೇರೆ ಬೇರೆಯಾಗಿ ಒಂದು ಸೋಜಿಗವನ್ನು ಪ್ರಕಟಿಸಿದ್ದರು. ನೀರಿನಲ್ಲಿರುವ ಜಲಜನಕ ಪರಮಾಣುವಿನ ಬೀಜ ಒಂದು ಅತಿ ಸಣ್ಣ ಅಯಸ್ಕಾಂತದಂತೆ ವರ್ತಿಸುತ್ತದೆ. ದೊಡ್ಡ ಅಯಸ್ಕಾಂತದ ನಡುವೆ ಇಟ್ಟರೆ ಅದರ ದಿಕ್ಕಿಗೆ ಸಾಲುಗೂಡುತ್ತದೆ. ಆಗ ತಕ್ಕ ಶ್ರುತಿಯ ರೇಡಿಯೋ ಅಲೆಯನ್ನು ಬಿಟ್ಟರೆ ಅದು ಆ ಅಲೆಯ ಶಕ್ತಿಯನ್ನು ಹೀರಿ ಮಾರುತ್ತರ ಕೊಡುತ್ತದೆ. ತಂಬೂರಿಯ ಒಂದು ತಂತಿ ಮೀಟಿದರೆ ಅದೇ ಶ್ರುತಿಯ ಇನ್ನೊಂದು ತಂತಿ ಮಿಡಿಯುವಂತೆ. ಇದಕ್ಕಾಗಿ ಇಬ್ಬರಿಗೂ 1952ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಆದರೆ ಒಂದು ತೊಡಕಿತ್ತು. ಅಲೆಯನ್ನು ಬಿಡುತ್ತಲೇ ಇದ್ದರೆ ಬೀಜಗಳು ತಣಿದುಬಿಡುತ್ತವೆ. ಮತ್ತೆ ಸುಧಾರಿಸಿಕೊಳ್ಳುವವರೆಗೆ ಉತ್ತರ ಕ್ಷೀಣವಾಗುತ್ತದೆ. ವಿಜ್ಞಾನ ಮಂದಿರದ ಜಿ. ಸೂರ್ಯನ್ ಅವರು ನಿಂತ ನೀರಿನ ಬದಲು ಹರಿಯುವ ನೀರನ್ನು ತೆಗೆದುಕೊಂಡರು. ನೀರು ನಳಿಕೆಯಲ್ಲಿ ಹರಿಯತೊಡಗಿದೊಡನೆ ಉತ್ತರ ಬಲವಾಯಿತು. ಏಕೆಂದರೆ ತಣಿದ ಬೀಜಗಳು ಮುಂದೆ ಸಾಗಿ, ಅಲೆಯ ಸೋಂಕಿಲ್ಲದ ಹೊಸ ಬೀಜಗಳು ಆ ಜಾಗಕ್ಕೆ ಬಂದವು. ಹರಿವು ತನ್ನ ಇರವನ್ನು ತಾನೇ ಸಾರಿತು.

ನಮ್ಮ ನಿಲ್ದಾಣದ ಬಾಗಿಲಲ್ಲಿ ನಿಂತ ಟಿ.ಸಿ.ಯನ್ನು ನೆನೆಯಿರಿ. ಒಮ್ಮೆ ಟಿಕೆಟು ನೋಡಿದವರನ್ನು ಅವನು ಮತ್ತೆ ಕೇಳುವುದಿಲ್ಲ. ಅವನ ಮುಂದೆ ಅದೇ ಹತ್ತು ಜನ ನಿಂತೇ ಇದ್ದರೆ ಸ್ವಲ್ಪ ಹೊತ್ತಿನಲ್ಲಿ ಅವನಿಗೆ ಕೆಲಸವಿರದು. ಲೋಕಲ್ ಬಂದು ಜನ ಹರಿದರೆ ಮಾತ್ರ ಕೈ ಬಿಡುವಿರುವುದಿಲ್ಲ. ಅವನ ಕೈ ಎಷ್ಟು ಚುರುಕಾಗಿದೆಯೆಂದು ದೂರದಿಂದ ನೋಡಿಯೇ ಜನ ಹರಿಯುತ್ತಿದ್ದಾರೋ ನಿಂತಿದ್ದಾರೋ ಹೇಳಬಹುದು. ಸೂರ್ಯನ್ ಅವರ ನಳಿಕೆಯಲ್ಲಿ ನಡೆದದ್ದು ಇದೇ.

ಹರಿಯುವ ದ್ರವಗಳಲ್ಲಿ ಬೀಜಗಳ ಅನುರಣನವನ್ನು ಕುರಿತ ಅವರ ಲೇಖನ 1951ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ನಡವಳಿಗಳಲ್ಲಿ ಅಚ್ಚಾಯಿತು. ಸಿ.ವಿ. ರಾಮನ್ ಅವರು 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಅಕಾಡೆಮಿಯೇ ಅದು. ಆ ವರ್ಷ ಕರ್ನಾಟಕ ಇನ್ನೂ ಏಕೀಕರಣಗೊಂಡಿರಲಿಲ್ಲ. ಬೆಂಗಳೂರು ಮೈಸೂರು ರಾಜ್ಯದಲ್ಲಿದ್ದರೆ ನಮ್ಮ ಗದಗು ಮುಂಬಯಿ ರಾಜ್ಯದಲ್ಲಿತ್ತು. ಹರಿವನ್ನು ಈ ಬಗೆಯಲ್ಲಿ ಅಳೆಯುವ ವಿದ್ಯೆಯ ಚರಿತ್ರೆ ಬರೆಯುವ ವಿದೇಶಿ ಪಂಡಿತರೂ ತಮ್ಮ ಪಟ್ಟಿಯ ತಲೆಯಲ್ಲಿ ಸೂರ್ಯನ್ ಅವರ ಹೆಸರನ್ನು ಇಡುತ್ತಾರೆ. ನಮ್ಮಲ್ಲಿ ಮಾತ್ರ ಆ ಹೆಸರನ್ನು ಕೇಳಿದವರು ಕಡಿಮೆ. ನಾನು ನಮ್ಮ ಸಂಘದ ಏಳೆಂಟು ಮಂದಿ ವಿದ್ಯಾವಂತರನ್ನು ಕೇಳಿ ನೋಡಿದೆ, ಒಬ್ಬರಿಗೂ ಗೊತ್ತಿರಲಿಲ್ಲ. ನನಗೂ ಮೊನ್ನೆ ಮೊನ್ನೆಯವರೆಗೆ ಗೊತ್ತಿರಲಿಲ್ಲವಾದ್ದರಿಂದ ಅವರನ್ನು ದೂರುವ ಅಧಿಕಾರ ನನಗಿಲ್ಲ.

ಮುಂದಿನ ಕಥೆ ಬೇಗ ಬೇಗ ಸಾಗುತ್ತದೆ. 1959ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್‌ಲಿಯಲ್ಲಿ ಜೆ.ಆರ್. ಸಿಂಗರ್ ಅವರು ನೀರಿನ ಬದಲು ರಕ್ತವನ್ನೇ ಹಿಡಿದು, ಇಲಿಯ ಬಾಲದಲ್ಲಿ ರಕ್ತ ಹರಿಯುವುದನ್ನು ಈ ವಿದ್ಯೆಯಿಂದ ಅಳೆದರು. 1971ರಲ್ಲಿ ರೇಮಂಡ್ ಡಮಾಡಿಯನ್ ಗಂಟುರೋಗದ ಅಂಗಾಂಶ ಬೇರೆ ಬಗೆಯ ಉತ್ತರ ಕೊಡುತ್ತದೆಂದರು. 1973ರಲ್ಲಿ ಪಾಲ್ ಲಾಟರ್‌ಬರ್ ಈ ಉತ್ತರಗಳಿಂದ ಚಿತ್ರವನ್ನೇ ಬಿಡಿಸಿದರು. ಮೊದಲ ಚಿತ್ರದಲ್ಲಿ ಕಂಡದ್ದು ಕೂಡ ನೀರು ತುಂಬಿದ ಎರಡು ಸಣ್ಣ ನಳಿಕೆಗಳೇ! ಇಂಗ್ಲೆಂಡಿನ ಪೀಟರ್ ಮ್ಯಾನ್ಸ್‌ಫೀಲ್ಡ್ ಚಿತ್ರವನ್ನು ಬೇಗನೆ ತೆಗೆಯುವ ಬಗೆ ಕಲಿಸಿದರು. 2003ರಲ್ಲಿ ಲಾಟರ್‌ಬರ್, ಮ್ಯಾನ್ಸ್‌ಫೀಲ್ಡ್ ಇಬ್ಬರಿಗೆ ನೊಬೆಲ್ ಬಂದಾಗ ಡಮಾಡಿಯನ್ ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಕೊಟ್ಟು ಅನ್ಯಾಯವಾಯಿತೆಂದು ಸಾರಿದರು. ಆ ಜಗಳದ ಸದ್ದಿನಲ್ಲಿ ನಳಿಕೆಯಲ್ಲಿ ಮೊದಲು ನೀರು ಹರಿಸಿದವರ ನೆನಪು ಯಾರಿಗೆ ಬಂದೀತು?

ಇಂದು ಎಂ.ಆರ್.ಐ. ಎನ್ನುವ ಈ ಯಂತ್ರದಿಂದ ರಕ್ತನಾಳಗಳನ್ನಷ್ಟೇ ಬಿಡಿಸಿ ತೋರಿಸುವ ಪ್ರಯತ್ನ 1985, 1986ರ ಸುಮಾರಿಗೆ ಕೈಗೂಡಿತು. ಅದರಲ್ಲಿ ಒಂದು ಬಗೆ ಸೂರ್ಯನ್ ಅವರು ಕಂಡ ತತ್ತ್ವವನ್ನೇ ನಂಬಿ ನಿಂತಿದೆ. ತಲೆಯ ಒಂದು ತೆಳುವಾದ ಹೋಳಿನ ಮೇಲೆ ಅಲೆಯನ್ನು ಮೇಲಿಂದ ಮೇಲೆ ಬಿಟ್ಟು ನಿಶ್ಚಲವಾದ ಮಾಂಸವನ್ನೆಲ್ಲ ತಣಿಸಿಬಿಡುತ್ತಾರೆ. ಅದು ಕಪ್ಪಾಗುತ್ತದೆ. ಹೊಸದಾಗಿ ಹರಿದು ಬರುವ ರಕ್ತ ಮಾತ್ರ ಬೆಳ್ಳಗೆ ಹೊಳೆಯುತ್ತದೆ. ಸೂಜಿಯಿಲ್ಲ, ಬಣ್ಣದ ದ್ರವವಿಲ್ಲ, ಎಕ್ಸ್‌ರೇ ಕಿರಣವಿಲ್ಲ. ಹರಿವಿದ್ದಲ್ಲಿ ಬೆಳಕು. ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿ ನಿಂತಿದ್ದರೆ ಬೆಳಕಿನ ಗೆರೆ ಅಲ್ಲಿಗೆ ತುಂಡಾಗುತ್ತದೆ. ಇದನ್ನು ಓದುವುದು ಮಾತ್ರ ಮಕ್ಕಳಾಟವಲ್ಲ. ಕೆಲವರಿಗೆ ಹುಟ್ಟಿನಿಂದಲೇ ಒಂದು ಬದಿಯ ಸಿರೆ ಸಣ್ಣದಾಗಿರುತ್ತದೆ. ಅದನ್ನು ಕಟ್ಟಿದ ಸಿರೆಯೆಂದು ತಪ್ಪು ತಿಳಿಯಬಹುದು. ಕೆಲವು ದಿನ ಹಳೆಯದಾದ ಹೆಪ್ಪು ತಾನೇ ಬೆಳ್ಳಗೆ ಕಂಡು ಹರಿವಿನ ವೇಷ ಹಾಕುವುದೂ ಉಂಟು. ಆದ್ದರಿಂದ ನುರಿತ ವೈದ್ಯರು ಹಲವು ಬಗೆಯ ಚಿತ್ರಗಳನ್ನು ತಾಳೆ ನೋಡುತ್ತಾರೆ, ನಾವು ಸಂಜೆ ರೋಕಡ ತಾಳೆ ನೋಡುವ ಹಾಗೆ.

ಸಿರೆಗಳಿಗೆ ಇನ್ನೊಂದು ಗುರುತೂ ಇದೆ. ಆಮ್ಲಜನಕವನ್ನು ಬಿಟ್ಟುಕೊಟ್ಟ ರಕ್ತದ ಕೆಂಬಣ್ಣಕ್ಕೆ ಅಯಸ್ಕಾಂತದ ಸೆಳೆತವಿದೆಯೆಂದು 1936ರಲ್ಲಿ ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯಲ್ ತೋರಿಸಿದ್ದರು. 1990ರಲ್ಲಿ ಜಪಾನಿನ ಸೆಯ್‌ಜಿ ಒಗಾವ ಅಮೆರಿಕೆಯಲ್ಲಿದ್ದುಕೊಂಡು ಅದೇ ಕಾರಣದಿಂದ ಇಲಿಯ ಮಿದುಳಿನ ಸಿರೆಗಳು ಕಪ್ಪು ಗೆರೆಗಳಾಗಿ ಮೂಡುವುದನ್ನು ಕಂಡರು. 1997ರಲ್ಲಿ ಇದನ್ನೇ ಬೆಳೆಸಿ, ಮನುಷ್ಯರ ಮಿದುಳಿನ ಕೂದಲೆಳೆಯಂಥ ಸಿರೆಗಳನ್ನು ಬಿಡಿಸಿ ತೋರಿಸುವ ವಿಧಾನ ಪ್ರಕಟವಾಯಿತು. ಸಣ್ಣ ಸಿರೆಯಲ್ಲಿ ಅಡಗಿ ಕುಳಿತ ಹೆಪ್ಪು ಕೂಡ ಇದಕ್ಕೆ ಸಿಕ್ಕಿಬೀಳುತ್ತದೆ.

ಯಂತ್ರ ಬಂದರೆ ಸಾಲದು, ರೋಗವನ್ನು ಅರಿತವರು ಬೇಕು. ಇದಕ್ಕೂ ನಾವು ಬೆಂಗಳೂರಿನತ್ತಲೇ ನೋಡಬೇಕು. ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್ ಸಂಸ್ಥೆ ನಮ್ಮ ಜನರ ಬಾಯಲ್ಲಿ ಹುಚ್ಚಿನ ಆಸ್ಪತ್ರೆಯೆಂದೇ ಉಳಿದದ್ದು ವಿಷಾದದ ಸಂಗತಿ. ಹಳೆಯ ಮೈಸೂರಿನ ಮಾನಸಿಕ ಆಸ್ಪತ್ರೆ ಮತ್ತು 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಇವೆರಡನ್ನೂ ಕೂಡಿಸಿ 1974ರಲ್ಲಿ ಅದನ್ನು ರಚಿಸಿದರು. ಮಿದುಳು, ನರಗಳ ಎಲ್ಲ ರೋಗಗಳಿಗೂ ಅಲ್ಲಿ ಚಿಕಿತ್ಸೆಯಿದೆ. ಬಾಣಂತಿಯರ ಮಿದುಳಿನ ಸಿರೆ ಕಟ್ಟುವ ರೋಗ ಪಶ್ಚಿಮ ದೇಶಗಳಲ್ಲಿ ವಿರಳ. ನಮ್ಮಲ್ಲಿ ಅದು ಪದೇ ಪದೇ ಕಾಣುತ್ತಿತ್ತು. ಮದುರೆಯ ಡಾ. ಕೆ. ಶ್ರೀನಿವಾಸನ್ ಅವರು 1983ರಲ್ಲಿ ಇದರ ಬಗೆಗೆ ವಿಸ್ತಾರವಾಗಿ ಬರೆದರು. ನಿಮ್ಹಾನ್ಸಿನಲ್ಲಿ ಡಾ. ಡಿ. ನಾಗರಾಜ ಮತ್ತು ಸಂಗಡಿಗರು ಇದೇ ರೋಗವನ್ನು ವರ್ಷಗಟ್ಟಲೆ ಬೆನ್ನುಹತ್ತಿದರು.

ಒಂದು ದೊಡ್ಡ ಪ್ರಶ್ನೆ ಅವರ ಮುಂದಿತ್ತು. ಹೆಪ್ಪನ್ನು ತಡೆಯಲು ರಕ್ತ ತೆಳುವಾಗಿಸುವ ಹೆಪಾರಿನ್ ಕೊಡಬೇಕು. ಆದರೆ ಸಿರೆ ಕಟ್ಟಿದ ಮಿದುಳಿನಲ್ಲಿ ಆಗಲೇ ರಕ್ತ ಸೋರಿರುತ್ತದೆ. ಸೋರುವ ಮಡಕೆಗೆ ಇನ್ನಷ್ಟು ತೆಳು ನೀರು ಹೊಯ್ಯುವುದೆ? 1991ರಲ್ಲಿ ಜರ್ಮನಿಯ ಐನ್‌ಹೊಯ್ಪ್ಲ್ ಮತ್ತು ಸಂಗಡಿಗರು 20 ರೋಗಿಗಳಲ್ಲಿ ಪರೀಕ್ಷೆ ಮಾಡಿದರು. ಹೆಪಾರಿನ್ ಪಡೆದ ಹತ್ತು ಮಂದಿಯಲ್ಲಿ ಯಾರೂ ಸಾಯಲಿಲ್ಲ, ಪಡೆಯದ ಹತ್ತರಲ್ಲಿ ಮೂವರು ಸತ್ತರು. 1999ರಲ್ಲಿ ನಾಗರಾಜ ಅವರ ತಂಡ ಬಾಣಂತಿಯರಲ್ಲಿ ಕಡಿಮೆ ಪ್ರಮಾಣದ ಹೆಪಾರಿನ್ನಿನಿಂದಲೂ ಗುಣವುಂಟೆಂದು ಪ್ರಕಟಿಸಿತು. ನಮ್ಮ ಬಡ ಊರುಗಳಿಗೆ ಇದು ಸಣ್ಣ ಮಾತಲ್ಲ. 2008ರಲ್ಲಿ ಅವರೇ ಇಂಥ ಬಾಣಂತಿಯರ ರಕ್ತದಲ್ಲಿ ಹೋಮೊಸಿಸ್ಟೀನ್ ಎಂಬ ವಸ್ತು ಹೆಚ್ಚಾಗಿ, ಫೋಲೇಟ್ ಕಡಿಮೆಯಾಗಿ ಇರುವುದನ್ನು ತೋರಿಸಿದರು. ಸೊಪ್ಪು, ಕಾಳುಗಳಲ್ಲಿ ಇರುವುದೇ ಈ ಫೋಲೇಟ್. ಪಥ್ಯದ ಹೆಸರಿನಲ್ಲಿ ನಾವು ಬಾಣಂತಿಯ ಎಲೆಯಿಂದ ಏನೇನನ್ನು ತೆಗೆದುಬಿಡುತ್ತೇವೆ ಎಂಬುದನ್ನು ಮನೆಯ ಹಿರಿಯ ಹೆಂಗಸರು ಒಮ್ಮೆ ಎಣಿಸಿ ನೋಡಬೇಕು.

ಹೆರಿಗೆಯಾದ ಮೇಲೆ ರಕ್ತ ಹೆಪ್ಪುಗಟ್ಟುವ ಗುಣ ಸಹಜವಾಗಿಯೇ ಹೆಚ್ಚುತ್ತದೆ. ಹೆರುವಾಗಿನ ರಕ್ತಸ್ರಾವವನ್ನು ತಡೆಯಲು ಪ್ರಕೃತಿ ಮಾಡಿದ ಏರ್ಪಾಡು ಅದು. ಅದರ ಮೇಲೆ ರಕ್ತಹೀನತೆ, ಸೋಂಕು, ದೇಹದಲ್ಲಿ ನೀರಿನ ಕೊರತೆ ಸೇರಿದರೆ ಅಪಾಯ ಏರುತ್ತದೆ. ಗಂಡಸರು ಇದು ನಮಗೆ ಸಂಬಂಧಿಸಿದ್ದಲ್ಲವೆಂದು ಪುಟ ಮಗುಚಬಾರದು. 2012ರಲ್ಲಿ ಹೈದರಾಬಾದಿನ ನಿಜಾಮ್ ಸಂಸ್ಥೆಯ ವೈದ್ಯರು ಸಿರೆ ಕಟ್ಟಿದ 428 ರೋಗಿಗಳ ವಿವರ ಕೊಟ್ಟಾಗ ಅರ್ಧಕ್ಕಿಂತ ಹೆಚ್ಚು ಮಂದಿ ಗಂಡಸರೇ ಆಗಿದ್ದರು.

ಒತ್ತಡದ ಮಾತನ್ನು ಅರ್ಧಕ್ಕೆ ಬಿಟ್ಟಿದ್ದೆ. ಗರ್ಭಿಣಿಯರಿಗೂ ಬಾಣಂತಿಯರಿಗೂ ಒತ್ತಡ ಏರಿ ಬರುವ ಸೆಳವಿನಲ್ಲಿ ಮಿದುಳಿನ ಹಿಂಭಾಗ ಬಾತುಕೊಳ್ಳುವುದುಂಟು. ತಕ್ಕ ಕಾಲಕ್ಕೆ ಒತ್ತಡ ಇಳಿಸಿದರೆ ಆ ಬಾವು ಬಹುಮಟ್ಟಿಗೆ ಮಾಯವಾಗುತ್ತದೆಂಬುದನ್ನು 1996ರಲ್ಲಿ ಹಿಂಚಿ ಮತ್ತು ಸಂಗಡಿಗರು ಮಿದುಳಿನ ಚಿತ್ರಗಳಿಂದ ತೋರಿಸಿದರು. ಈ ಸೆಳವಿಗೆ ಮೆಗ್ನೀಸಿಯಮ್ ಸಲ್ಫೇಟ್ ಉತ್ತಮ ಔಷಧವೆಂದು 1995ರ ದೊಡ್ಡ ಪರೀಕ್ಷೆಯೊಂದರಲ್ಲಿ ಸಿದ್ಧವಾಗಿತ್ತು. ನೋಡಿರಿ, ಒಂದಕ್ಕೆ ಹೆಪಾರಿನ್, ಇನ್ನೊಂದಕ್ಕೆ ಮೆಗ್ನೀಸಿಯಮ್. ಹೊರಗಿನ ಲಕ್ಷಣ ಒಂದೇ: ತಲೆನೋವು, ಕಣ್ಣು ಮಂಜಾಗುವುದು, ಸೆಳವು. ಅಜ್ಜಿಯ ಕಾಲದ "ಸನ್ನಿ" ಎಂಬ ಒಂದು ಖಾತೆಯನ್ನು ಒಡೆದು ಎರಡು ಮಾಡಿದ್ದು ತೋಳಿನ ಪಟ್ಟಿ ಮತ್ತು ಈ ಅಯಸ್ಕಾಂತ.

ವಯಸ್ಸಾದವರ ಒತ್ತಡ ಇನ್ನೊಂದು ಬಗೆಯದು. ಅದು ಸದ್ದಿಲ್ಲದೆ ಮಿದುಳಿನ ಸಣ್ಣ ನಾಳಗಳನ್ನು ಸವೆಸುತ್ತದೆ. ಎಂ.ಆರ್.ಐ.ಯಲ್ಲಿ ಅದು ಬಿಳಿ ಚುಕ್ಕೆಗಳಾಗಿ ಕಾಣುತ್ತದೆ. 2019ರಲ್ಲಿ ಅಮೆರಿಕೆಯಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಮೇಲಿನ ಒತ್ತಡವನ್ನು 140ರ ಒಳಗೆ ಇಟ್ಟವರಿಗಿಂತ 120ರ ಒಳಗೆ ಇಡಲು ಯತ್ನಿಸಿದವರಲ್ಲಿ ಸುಮಾರು ನಾಲ್ಕು ವರ್ಷಗಳಲ್ಲಿ ಈ ಚುಕ್ಕೆಗಳು ಕಡಿಮೆ ಬೆಳೆದಿದ್ದವು. ನಮ್ಮ ಸಂಘದಲ್ಲಿ ಮಾತ್ರೆ ಮರೆಯುವ ಹಿರಿಯರು ಯಾರೆಂದು ನನಗೆ ಗೊತ್ತು, ಹೆಸರು ಹೇಳುವುದಿಲ್ಲ. ಇದೇ ಠಾಕುರ್ಲಿಯಲ್ಲಿ ರೈಲ್ವೆಯ ಹಳೆಯ ವಿದ್ಯುತ್ ಕೇಂದ್ರ ನಡೆಯುತ್ತಿದ್ದಾಗ ಬಾಯ್ಲರಿನ ಒತ್ತಡದ ಮುಳ್ಳನ್ನು ನೋಡದೆ ಮನೆಗೆ ಹೋಗುವ ಕೆಲಸಗಾರನನ್ನು ಯಾರಾದರೂ ಇಟ್ಟುಕೊಳ್ಳುತ್ತಿದ್ದರೆ?

ಇಷ್ಟನ್ನೆಲ್ಲ ನಾನು ಹುಡುಕಲು ಹೋದದ್ದೇಕೆಂದು ಹೇಳಬೇಕು. 2018ರ ಬೇಸಗೆಯಲ್ಲಿ ನನ್ನ ಅಕ್ಕನಿಗೆ ಇಲ್ಲಿಯೇ ಹೆರಿಗೆಯಾಯಿತು. ಬಾಣಂತನಕ್ಕೆ ಗದಗಿನಿಂದ ಅಜ್ಜಿ ಬಂದಿದ್ದಳು. ಅಕ್ಕ ನೀರು ಕೇಳಿದಾಗಲೆಲ್ಲ "ಬಾಣಂತಿ ಭಾಳ ನೀರ ಕುಡೀಬಾರದವ್ವಾ, ಹೊಟ್ಟಿ ಬರತದ" ಎಂದು ಅರ್ಧ ಲೋಟ ಕೊಡುತ್ತಿದ್ದಳು. ಮೇ ತಿಂಗಳ ಸೆಕೆ, ಮುಚ್ಚಿದ ಕಿಟಕಿ. ಎಂಟನೆಯ ದಿನ ತಲೆನೋವು ಬಂತು. ಹತ್ತಿರದ ಒಂದು ಆಸ್ಪತ್ರೆಯಲ್ಲಿ ನಿದ್ದೆಗೆಟ್ಟದ್ದರಿಂದ ಹೀಗಾಗಿದೆಯೆಂದು ಮಾತ್ರೆ ಕೊಟ್ಟು ಕಳಿಸಿದರು. ಮರುರಾತ್ರಿ ಅಕ್ಕನಿಗೆ ಸೆಳವು ಬಂದಾಗ ಅಜ್ಜಿ ಕಿರುಚಲಿಲ್ಲ. ಗೋಡೆ ಹಿಡಿದು ಕುಳಿತು ತಂಗಿಯ ಹೆಸರನ್ನು ಎರಡು ಸಲ ಕರೆದಳು. ಆ ಧ್ವನಿ ಈಗಲೂ ನನ್ನ ಕಿವಿಯಲ್ಲಿದೆ.

ಬೇರೆ ದೊಡ್ಡ ಆಸ್ಪತ್ರೆಗೆ ಒಯ್ದೆವು. ಅಲ್ಲಿಯ ತರುಣ ವೈದ್ಯೆ ಮೊದಲು ತೋಳಿಗೆ ಪಟ್ಟಿ ಕಟ್ಟಿದರು. ಒತ್ತಡ ಸರಿಯಾಗಿತ್ತು. ಕೂಡಲೇ ಎಂ.ಆರ್.ಐ. ತೆಗೆಸಿ, ಸಿರೆಗಳ ಚಿತ್ರವನ್ನೂ ತೆಗೆಸಿದರು. ಬೆಳಗಿನ ಜಾವ ಅದನ್ನು ನಮಗೆ ತೋರಿಸಿದರು. ನೆತ್ತಿಯ ನಡುವೆ ಹಿಂದಕ್ಕೆ ಹರಿಯಬೇಕಾದ ದೊಡ್ಡ ಸಿರೆ ಅರ್ಧಕ್ಕೆ ನಿಂತುಹೋಗಿತ್ತು. ಆಚೆಗೆ ಬರೀ ಕಪ್ಪು. ಪಕ್ಕದಲ್ಲಿ ಸ್ವಲ್ಪ ರಕ್ತ ಸೋರಿದ್ದ ಗುರುತು. ಸೋರಿದ್ದರೂ ಹೆಪಾರಿನ್ ಕೊಡುವುದಾಗಿ ಹೇಳಿದಾಗ ಭಾವನವರು ಸಹಿ ಹಾಕಲು ಹೆದರಿದರು. ಕಾರಣವನ್ನು ಆಕೆ ಸಾವಧಾನವಾಗಿ ತಿಳಿಸಿ ಹೇಳಿದ ಮೇಲೆ ಸಹಿ ಮಾಡಿದರು. ನಾಲ್ಕನೆಯ ದಿನ ಅಕ್ಕ ಕೂಸನ್ನು ಕೇಳಿದಳು. ಆ ಮೇಲೆ ಕೆಲವು ತಿಂಗಳು ಮಾತ್ರೆ ನಡೆಯಿತು. ಆ ಕೂಸು ಈಗ ಶಾಲೆಗೆ ಹೋಗುತ್ತಾಳೆ, ಸಂಘದ ಕಳೆದ ರಾಜ್ಯೋತ್ಸವದಲ್ಲಿ ಓಬವ್ವನ ವೇಷ ಹಾಕಿದವಳು ಅವಳೇ.

ಅಕಾಡೆಮಿಯ ಹಳೆಯ ಸಂಪುಟಗಳು ಈಗ ಯಾರಿಗಾದರೂ ಉಚಿತವಾಗಿ ಓದಲು ಸಿಗುತ್ತವೆ. ಸೂರ್ಯನ್ ಅವರ ಲೇಖನ ಕೆಲವೇ ಪುಟಗಳದು. ಠಾಕುರ್ಲಿಯಲ್ಲಿ ಲೋಕಲ್ ಹತ್ತಿ ಓದತೊಡಗಿದವನು ಠಾಣೆ ಬರುವಷ್ಟರಲ್ಲಿ ಮುಗಿಸಿದೆ. ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಸಂಜೆ ಅಕ್ಕನಿಗೆ ಫೋನು ಮಾಡಿ ಟಿ.ಸಿ.ಯ ಉಪಮಾನದಿಂದ ವಿವರಿಸಿದೆ. ಅವಳು ಕೇಳಿಕೊಂಡು, "ಅಲ್ಲೋ ತಮ್ಮಾ, ಅವರು ನೀರ ಹರಸಿ ನೋಡಿದರು, ಅಜ್ಜಿ ನನಗ ನೀರ ಕೊಡಲಿಲ್ಲ" ಎಂದು ನಕ್ಕಳು. ಅಜ್ಜಿಗೆ ಈಗ ಎಂಬತ್ತೇಳು. ಕಳೆದ ವರ್ಷ ಗದಗಿನಲ್ಲಿ ಚಿಕ್ಕಪ್ಪನ ಸೊಸೆಗೆ ಹೆರಿಗೆಯಾದಾಗ, ಬಾಣಂತಿಯ ಕೋಣೆಗೆ ಹೋಗಿ ಎರಡು ಸೇರಿನ ತಾಮ್ರದ ತಂಬಿಗೆಯನ್ನು ತಾನೇ ತುಂಬಿಸಿ ತಲೆದೆಸೆಯಲ್ಲಿ ಇಟ್ಟು, ಅದು ಖಾಲಿಯಾಯಿತೋ ಇಲ್ಲವೋ ಎಂದು ಹೊತ್ತು ಹೊತ್ತಿಗೆ ಬಂದು ನೋಡುತ್ತಿದ್ದಳಂತೆ.